ಇಂದುಮತಿ ಪ್ರೊಸೆಸರಿನ ಮುಚ್ಚಳ ತೆಗೆದದ್ದು

ಇಂದುಮತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತ್ರಿಪ್ಪುಣಿತ್ತುರದ ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಮತ್ತೆ ತಾನಾಗಿ ಆರಿಹೋಗಿತ್ತು. ಅದು ೨೦೦೬ರ ಏಪ್ರಿಲ್. ಇನ್ನೂ ಕಟ್ಟದ ಕಟ್ಟಡಗಳೊಳಗೆ ನಡೆದಾಡಿದ ಹಾಗೆ ತೋರಿಸುವ ವಿಡಿಯೋ ಮಾಡಿಕೊಡುವುದು ಅವಳ ಕೆಲಸ. ಅವಳಂತೆಯೇ ಕಾಸರಗೋಡಿನವರಾದ, ತಿರುವನಂತಪುರದಲ್ಲಿ ಆರ್ಕಿಟೆಕ್ಟ್ ಆಗಿದ್ದ ಮಹೇಶ್ವರ ಒಂದು ಗ್ರಂಥಾಲಯದ ನಕ್ಷೆ ಕಳಿಸಿದ್ದರು. ಸೋಮವಾರ ಗ್ರಂಥಾಲಯ ಸಮಿತಿಯ ಮುಂದೆ ವಿಡಿಯೋ ಓಡಬೇಕು. ಕಂಪ್ಯೂಟರೋ, ತುಸು ಹೊತ್ತು ದುಡಿದು ಕಾದ ಕಾವಲಿಯಾಗಿ ನಿಂತುಬಿಡುತ್ತಿತ್ತು.

ಒಳಗಿನ ಫ್ಯಾನ್ ಬದಲಿಸಿದ್ದಾಯಿತು, ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟದ್ದೂ ಆಯಿತು. ಕಂಪ್ಯೂಟರಿನ ಲೆಕ್ಕವೆಲ್ಲ ನಡೆಸುವ ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಒಳಗಿನ ಚಿಪ್‌ಗೂ ನಡುವೆ ಬಿಸಿ ದಾಟಿಸುವ ಪೇಸ್ಟ್ ಇರುತ್ತದೆ, ಅದು ಒಣಗಿದರೆ ಬಿಸಿ ಒಳಗೇ ಉಳಿಯುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ ಮೇಲೆ ಆ ಮುಚ್ಚಳ ಕೊಯ್ದು ತೆಗೆಯುವುದೊಂದೇ ಅವಳ ತಲೆಯಲ್ಲಿ ಉಳಿಯಿತು.

"ಬ್ಲೇಡ್ ಹಾಕಿ ಕೊಯ್ಯುವುದಾ? ನಿನಗೆಂತ ಮರುಳಾ?" ಎಂದ ಗಂಡ ವಿಠಲ. "ಹಾಳಾದ್ರೆ?"

"ಈಗ ಸರಿ ಉಂಟಾ? ನೀವು ಆ ಕಿಟಕಿ ತೆರೀರಿ. ಬೆಳಕು ಸಾಲುದಿಲ್ಲ."

ಮುಚ್ಚಳದ ಅಂಚಿನ ಅಂಟಿನೊಳಕ್ಕೆ ಬ್ಲೇಡನ್ನು ಕೂದಲೆಳೆಯಷ್ಟೇ ತೂರಿಸುತ್ತ ಅವಳು ಸುತ್ತಲೂ ಕೊಯ್ದಳು. ಮುಚ್ಚಳ ಟಕ್ಕೆಂದು ಬಿಟ್ಟುಕೊಂಡಾಗ ವಿಠಲ ಕಣ್ಣು ಮುಚ್ಚಿದ್ದ. ಒಳಗಿನ ಪೇಸ್ಟ್ ಸೀಮೆಸುಣ್ಣದ ಪುಡಿಯಾಗಿತ್ತು. ಒರೆಸಿ, ಹೊಸ ಪೇಸ್ಟ್ ತೆಳ್ಳಗೆ ಬಳಿದು, ಅಂಚಿಗೆ ಸಿಲಿಕೋನ್ ಅಂಟು ಹಚ್ಚಿ, ಮುಚ್ಚಳವನ್ನು ಮೊದಲಿದ್ದಂತೆ ಕೂರಿಸಿ ಒತ್ತಿ ಕಟ್ಟಿದಳು. ಅಂಟು ಒಣಗುವಷ್ಟರಲ್ಲಿ ಅಡುಗೆಮನೆಗೂ ಹಜಾರಕ್ಕೂ ಎಷ್ಟು ಸಲ ಓಡಾಡಿದಳೋ, ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು.

ಜೋಡಿಸಿ ಸ್ವಿಚ್ ಒತ್ತಿದರೆ ಪರದೆ ಕಪ್ಪು.

ವಿಠಲ ಬಾಯಿ ತೆರೆಯುವ ಮೊದಲೇ ಅವಳು ಮತ್ತೆ ಬಿಚ್ಚಿದಳು. ಪ್ರೊಸೆಸರಿನ ಅಡಿಯಲ್ಲಿ ಒಂದು ಪಿನ್ನು ಬಾಗಿತ್ತು. ಹೊಲಿಗೆಯ ಸೂಜಿಯಿಂದ ಅದನ್ನು ಮೆಲ್ಲನೆ ನೆಟ್ಟಗೆ ಮಾಡಿ ಕೂರಿಸಿದಾಗ ಪರದೆ ಬೆಳಗಿತು. ಎಷ್ಟು ದುಡಿದರೂ ಬಿಸಿ ಏರಲಿಲ್ಲ. ಆದರೂ ಅವಳು ಪರದೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕಿಯಿಂದ ಕಣ್ಣು ಕೀಳಲಿಲ್ಲ.

ಭಾನುವಾರ ಮಧ್ಯಾಹ್ನ ಹೋದ ಕರೆಂಟು ಕತ್ತಲಾದರೂ ಬರಲಿಲ್ಲ. ಕಂಪ್ಯೂಟರ್ ತಯಾರಿಸಬೇಕಿದ್ದ ವಿಡಿಯೋದ ಕೊನೆಯ ತುಣುಕು ಉಳಿದೇಹೋಯಿತು. ಮರುದಿನ ಬೆಳಿಗ್ಗೆ ಅವಳು ಇಡೀ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮೊಣಕಾಲುಗಳ ನಡುವೆ ಇಟ್ಟುಕೊಂಡು ತಿರುವನಂತಪುರದ ರೈಲು ಹಿಡಿದಳು. ಬೋಗಿ ಕುಲುಕಿದಾಗಲೆಲ್ಲ ಮುಚ್ಚಳ ಜಾರಿತೇ ಎಂದು ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ಜಾರಿರಲಿಲ್ಲ. ಸಭೆಯ ಕೋಣೆಯಲ್ಲಿ ಕಂಪ್ಯೂಟರ್ ಜೋಡಿಸಿದಳು; ಸಮಿತಿಯವರು ಚಹಾ ಕುಡಿಯುವಷ್ಟರಲ್ಲಿ ಕೊನೆಯ ತುಣುಕೂ ಮುಗಿಯಿತು. ಪರದೆಯಲ್ಲಿ ಗ್ರಂಥಾಲಯದ ಬಾಗಿಲು ತೆರೆದು, ಮೆಟ್ಟಿಲು ಹತ್ತಿ, ಮೇಲಿನ ಓದುವ ಕೋಣೆಯವರೆಗೆ ದೃಶ್ಯ ಸಾಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಲಿಕುರ್ಚಿಯಲ್ಲಿ ಕೂತಿದ್ದ ಸಮಿತಿಯ ಸದಸ್ಯೆ, ನಿವೃತ್ತ ಲೈಬ್ರೇರಿಯನ್ ವಾಸಂತಿ ಮಾತ್ರ ಮಲಯಾಳದಲ್ಲಿ ಕೇಳಿದರು: "ಚೆನ್ನಾಗಿದೆ ಮಗಳೇ. ನಾನು ಮೇಲೆ ಹೋಗುವುದು ಹೇಗೆ?"

ಇಂದುಮತಿ ಮಹೇಶ್ವರರ ಮುಖ ನೋಡಿದಳು. ಅವರು ನಕ್ಷೆ ಬಿಚ್ಚಿ ನೋಡಿದರು. ನಕ್ಷೆಯಲ್ಲಿ ಮೆಟ್ಟಿಲು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಪರದೆಯ ಮೇಲೆ ಆ ಮೆಟ್ಟಿಲುಗಳನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿದವಳು ತಾನು. ನೋಡಿದ್ದೆಲ್ಲ ಬಿಸಿಯ ಅಂಕಿಯೊಂದನ್ನೇ.

"ಅಣ್ಣಾ, ಗಾಲಿಕುರ್ಚಿ ಹತ್ತುವ ಹಾಗೆ ಇಳಿಜಾರು ದಾರಿ ಸೇರಿಸುವಾ. ಇಲ್ಲಿಯೇ, ಈಗಲೇ," ಎಂದಳು ಮಹೇಶ್ವರರಿಗೆ. ವಿಠಲನಿಗೆ ಫೋನ್ ಮಾಡಿ, "ನಾನು ಇವತ್ತು ಬರುದಿಲ್ಲ" ಎಂದಷ್ಟೇ ಹೇಳಿದಳು.

ವಾಸಂತಿ ಕುರ್ಚಿಯನ್ನು ಅವಳ ಪಕ್ಕಕ್ಕೆ ತಂದರು. ಇಂದುಮತಿ ಮೊದಲ ಗೆರೆ ಎಳೆಯುತ್ತಿದ್ದಂತೆ ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ಇಕ್ಕಟ್ಟು. ಗಾಲಿ ತಿರುಗುವುದಿಲ್ಲ."

ಇಂದುಮತಿ ಆ ಗೆರೆ ಅಳಿಸಿ ಇನ್ನೂ ಅಗಲಕ್ಕೆ ಎಳೆದಳು.