ದಾರಿ ತಪ್ಪಿದರೆ ಗಲ್ಲಾ ಹತ್ತಿರ ನಿಲ್ಲಿ

ಗೊತ್ತಿಲ್ಲದ ಊರಿಗೆ ಬಂದು ಇಳಿದವರಿಗೆ ಬುದ್ಧಿ ಹೇಳುವುದು ನಮ್ಮ ಮನೆಯ ಕಸುಬು. ನನ್ನದಲ್ಲ, ನಮ್ಮ ಯಜಮಾನರದ್ದು. ನಾವು ಚೆನ್ನೈಯ ಬೆಸೆಂಟ್ ನಗರದಲ್ಲಿ ಸಂಸಾರ ಹೂಡಿದ ಮೇಲೆ ಕುಂದಾಪುರದ ಕಡೆಯಿಂದ ಆಸ್ಪತ್ರೆಗೆಂದೋ ವೀಸಾಕ್ಕೆಂದೋ ಮಕ್ಕಳ ಪರೀಕ್ಷೆಗೆಂದೋ ಬಂದವರಲ್ಲಿ ನಮ್ಮ ಮನೆಯ ಕಾಫಿ ಕುಡಿಯದೆ ಹೋದವರು ಕಡಿಮೆ. ಕಾಫಿ ಕುಡಿದವರಲ್ಲಿ ಇವರ ಭಾಷಣದಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಕಾಫಿ ನಾನು ಮಾಡುತ್ತಿದ್ದೆ, ಆದ್ದರಿಂದ ಅದು ಬೇಗ ಮುಗಿಯುತ್ತಿತ್ತು.

ಇವರು ಕೆಲಸ ಮಾಡಿದ್ದು ವಿಮಾ ಕಂಪನಿಯಲ್ಲಿ. ಬರಲಿರುವ ಆಪತ್ತನ್ನು ಮೊದಲೇ ವಿವರಿಸಿ ಎದುರಿಗಿದ್ದವರನ್ನು ಹೆದರಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಸ್ಟೇಷನ್ನಿನಿಂದಾಗಲಿ ವಿಮಾನ ನಿಲ್ದಾಣದಿಂದಾಗಲಿ ಹೊರಗೆ ಬರುವಾಗ ಬೋರ್ಡುಗಳನ್ನು ಬಾಯಿ ಬಿಟ್ಟು ನೋಡಬೇಡಿ, ಇದೇ ಊರಿನಲ್ಲಿ ಬೆಳಗ್ಗೆ ಹಲ್ಲುಜ್ಜಿದವರ ಹಾಗೆ ನಡೆಯಿರಿ ಎನ್ನುತ್ತಿದ್ದರು. ಆಟೋದವನನ್ನು ‘ಅಣ್ಣಾ’ ಎನ್ನಿ, ಹತ್ತುವ ಮೊದಲೇ ಬಾಡಿಗೆ ಮಾತಾಡಿ. ದಾರಿಯನ್ನು ಇಬ್ಬರ ಹತ್ತಿರ ಕೇಳಿ. ಇಬ್ಬರೂ ಒಂದೇ ಹೇಳಿದರೆ ಹೋಗಿ, ಬೇರೆ ಬೇರೆ ಹೇಳಿದರೆ ಮೊದಲು ಒಂದು ಎಳನೀರು ಕುಡಿಯಿರಿ. ಮೆಟ್ರೋ ಬಂದ ಮೇಲೆ ಭಾಷಣ ಇನ್ನಷ್ಟು ಬೆಳೆಯಿತು. ಒಳಗೆ ಹೋಗುವುದು ಸುಲಭ, ಹೊರಗೆ ಬರುವ ಬಾಗಿಲು ತಪ್ಪಿದರೆ ರಸ್ತೆಯ ಆ ಬದಿಯಲ್ಲಿ ಬಿದ್ದಿರುತ್ತೀರಿ, ಈ ಊರಿನಲ್ಲಿ ರಸ್ತೆ ದಾಟುವುದಕ್ಕೆ ಇನ್ನೊಂದು ಜನ್ಮ ಎತ್ತಬೇಕು ಎಂದು ಸೇರಿಸಿಕೊಂಡರು.

ಮುಖ್ಯವಾದ ಸಲಹೆ ಕಡಲಿನದ್ದು. ನಮ್ಮ ಕರಾವಳಿಯವರಿಗೆ ಎಡ ಬಲ ಎಂದರೆ ದಾರಿ ತಲೆಗೆ ಹೋಗುವುದಿಲ್ಲ. ಮೂಡು, ಪಡು, ತೆಂಕು, ಬಡಗು ಎನ್ನಬೇಕು. ಊಟಕ್ಕೆ ಕೂತವರಿಗೂ ‘ಸ್ವಲ್ಪ ತೆಂಕಕ್ಕೆ ಸರಿ’ ಎನ್ನುವ ಅತ್ತೆ ನನಗಿದ್ದರು. ಕಡಲು ಪಡುವಣಕ್ಕೆ ಎಂಬುದನ್ನು ನಾವು ಹುಟ್ಟುವಾಗಲೇ ಕಲಿತು ಬಂದಿರುತ್ತೇವೆ. ಅದನ್ನೇ ತಲೆಯಲ್ಲಿಟ್ಟುಕೊಂಡು ಚೆನ್ನೈಯಲ್ಲಿ ಇಳಿದರೆ ಕೆಟ್ಟಿತು, ಇಲ್ಲಿ ಕಡಲಿರುವುದು ಮೂಡಣಕ್ಕೆ. ವೀಸಾಕ್ಕೆಂದು ಬಂದಿದ್ದ ನನ್ನ ತಮ್ಮ ಭಾಷಣದ ಈ ಭಾಗದಲ್ಲಿ ತೂಕಡಿಸಿದ್ದ. ಮರುದಿನ ಸಂಜೆ ಅಡಯಾರಿನಲ್ಲಿ ಬಸ್ಸಿಳಿದವನು ಕಡಲು ನೋಡಿಕೊಂಡು ಮನೆಗೆ ಹೋಗೋಣವೆಂದು ಇಳಿಬಿಸಿಲನ್ನು ಮುಖಕ್ಕೆ ಹಾಕಿಕೊಂಡು ನಡೆದ. ಊರಿನಲ್ಲಾಗಿದ್ದರೆ ನೇರ ಕಡಲಿಗೇ ಹೋಗುತ್ತಿದ್ದ. ಇಲ್ಲಿ ಕಡಲಿಗೆ ಬೆನ್ನು ಹಾಕಿ ನಡೆದು ಗಿಂಡಿ ಎಂಬ ಬಡಾವಣೆ ಮುಟ್ಟಿದ. ಅಲ್ಲಿಂದ ಫೋನು ಮಾಡಿ, “ಭಾವ, ಈ ಊರಲ್ ಕಡ್ಲನ್ನ ಎಲ್ ತಕಂಡ್ ಹೋಯಿ ಇಟ್ಟಿದ್ರ್?” ಎಂದು ಕೇಳಿದ. ಇವರಿಗೆ ಅದಕ್ಕಿಂತ ದೊಡ್ಡ ಸಂತೋಷ ಇರಲಿಲ್ಲ. ಮುಂದಿನ ಭಾಷಣಗಳಲ್ಲೆಲ್ಲ ನನ್ನ ತಮ್ಮ ಉದಾಹರಣೆಯಾಗಿ ಬರತೊಡಗಿದ.

ಕೊನೆಯ ಸಲಹೆ ಬಂದವರು ಚಪ್ಪಲಿ ಹಾಕಿಕೊಳ್ಳುವಾಗ. ದಾರಿ ಪೂರ್ತಿ ತಪ್ಪಿತೋ, ಅವರಿವರನ್ನು ಕೇಳುತ್ತಾ ಅಲೆಯಬೇಡಿ. ಕಣ್ಣಿಗೆ ಬಿದ್ದ ಸಸ್ಯಾಹಾರಿ ಹೋಟೆಲಿಗೆ ಹೋಗಿ. ಬಾಗಿಲ ಹತ್ತಿರ ದುಡ್ಡು ತೆಗೆದುಕೊಳ್ಳುವ ಗಲ್ಲಾ ಇರುತ್ತದಲ್ಲ, ಅಲ್ಲಿ ನಿಂತು ಕನ್ನಡದಲ್ಲಿ ಮಾತಾಡಿ. ಗಲ್ಲಾದಲ್ಲಿ ಕೂತವನಿಗೆ ಬಾರದಿದ್ದರೆ ಒಳಗೆ ದೋಸೆ ಹೊಯ್ಯುವವನಿಗೆ ಬರುತ್ತದೆ. ಅಲ್ಲಿಂದ ಅಲ್ಲಾಡಬೇಡಿ, ನಮ್ಮ ಬದಿಯವರು ಯಾರಾದರೂ ಒಬ್ಬರು ಬಂದೇ ಬರುತ್ತಾರೆ.

ದೊಡ್ಡ ದೇಶಗಳು ಕಂಡ ಕಂಡ ಕಡೆ ರಾಯಭಾರ ಕಚೇರಿ ತೆರೆಯುತ್ತವೆ. ಹೊಟ್ಟೆಪಾಡಿಗೆ ಘಟ್ಟ ಹತ್ತಿದ ನಮ್ಮವರಿಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು, ಹೋದಲ್ಲೆಲ್ಲ ಹೋಟೆಲಿನ ಒಲೆ ಹಚ್ಚಿದರು. ರಾಯಭಾರ ಕಚೇರಿಯಲ್ಲಿ ಸಾಂಬಾರು ಸಿಗುವುದಿಲ್ಲವಾದ್ದರಿಂದ ನಮ್ಮ ವ್ಯವಸ್ಥೆಯೇ ಮೇಲು ಎಂದು ಇವರ ವಾದ. ಸುಳ್ಳಲ್ಲ. ನಮ್ಮ ಅತ್ತಿಗೆಯೊಬ್ಬರು ಮೈಲಾಪುರದಲ್ಲಿ ದಾರಿ ತಪ್ಪಿ ಹೀಗೆಯೇ ಗಲ್ಲಾ ಹತ್ತಿರ ನಿಂತು, ಮನೆಯ ದಾರಿಯನ್ನಷ್ಟೇ ಅಲ್ಲ, ಮಗಳಿಗೊಂದು ಗಂಡನ್ನೂ ಗೊತ್ತು ಮಾಡಿಕೊಂಡು ಬಂದರು.

ನನಗೂ ಪಾಠ ಹೇಳಿದವರು ಇವರೇ. ಮದುವೆಯಾಗಿ ಮಂಗಳೂರಿನಿಂದ ರೈಲು ಹತ್ತಿ ಬಂದು ಸೆಂಟ್ರಲ್‌ನಲ್ಲಿ ಇಳಿದಾಗ ಆ ಜನರಾಶಿ ನೋಡಿ ನಾನು ರೈಲಿನ ಬಾಗಿಲ ಹತ್ತಿರವೇ ನಿಂತುಬಿಟ್ಟಿದ್ದೆ. ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿಯುವುದು ಆಗ ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಇವರು ಉಪಾಯ ಹುಡುಕಿದರು. ತಮ್ಮ ಕೊಡೆಯ ಹಿಡಿಯನ್ನು ತಾವು ಹಿಡಿದುಕೊಂಡು ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, “ಇದನ್ನ್ ಬಿಡ್ಬೇಡ” ಎಂದರು. ಹಾಗೆ ಕೊಡೆಯ ತುದಿ ಹಿಡಿದುಕೊಂಡು ನಾನು ಮದ್ರಾಸು ಪ್ರವೇಶ ಮಾಡಿದೆ. ನೋಡಿದವರು ಕಣ್ಣು ಕಾಣದ ಹೆಂಗಸು, ಪಾಪ, ಎಂದುಕೊಂಡಿರಬೇಕು.

ಇದನ್ನೆಲ್ಲ ಇವರ ಬಾಯಿಂದಲೇ ನೀವು ಕೇಳಿದ್ದರೆ ಚೆನ್ನಾಗಿತ್ತು. ಈಗ ಆಗುವುದಿಲ್ಲ.

ಒಂದು ಸಂಜೆ ಎಂದಿನಂತೆ ಇಬ್ಬರೂ ಬೀಚಿಗೆ ಹೋಗಿ ಮರಳಿನ ಮೇಲೆ ಕೂತಿದ್ದೆವು. ಇವರು ನೀರಿನ ಕಡೆಯೇ ಕಣ್ಣಿಟ್ಟಿದ್ದರು. ಕತ್ತಲು ಬಂತು, ಜೋಳ ಸುಡುವವರು ದೀಪ ಹಚ್ಚಿದರು. ಏಳಿ ಎಂದರೆ ಏಳಲಿಲ್ಲ. “ಇವತ್ತ್ ಎಂತ ಇಷ್ಟ್ ತಡ? ಇನ್ನೂ ಮುಳುಗ್ಲಿಲ್ಲೆ ಅಲ್ದಾ” ಎಂದರು. ಸೂರ್ಯ ನಮ್ಮ ಬೆನ್ನ ಹಿಂದೆ, ಫ್ಲಾಟುಗಳ ಆಚೆ, ಎಷ್ಟೋ ಹೊತ್ತಿನ ಮುಂಚೆಯೇ ಇಳಿದು ಹೋಗಿದ್ದ. ನಾನು ತಮಾಷೆ ಎಂದುಕೊಂಡು ನಕ್ಕೆ. ಇವರು ನಗಲಿಲ್ಲ. ಕಡಲು ಯಾವ ಕಡೆಗಿದೆ ಎಂದು ಊರಿಗೆಲ್ಲ ಹೇಳಿಕೊಟ್ಟ ಮನುಷ್ಯ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಕಾಯುತ್ತಿದ್ದರು.

ಪೋರೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮರೆವಿನ ಕಾಯಿಲೆ ಎಂದರು. ಒಮ್ಮೊಮ್ಮೆ ಆಮೇಲೆ ಕಲಿತದ್ದು ಮೊದಲು ಹೋಗುತ್ತದೆ, ಮೊದಲು ಕಲಿತದ್ದು ಉಳಿದಿರುತ್ತದೆ ಎಂದೂ ಹೇಳಿದರು. ಹಾಗೇ ಆಯಿತು. ಇವರ ತಮಿಳು ಮೊದಲು ಹೋಯಿತು. ತರಕಾರಿಯವಳ ಹತ್ತಿರ ಗಾದೆ ಹೇಳಿ ಜಗಳವಾಡುವಷ್ಟು ಚೆಂದದ ತಮಿಳು. ಅದರ ಹಿಂದೆಯೇ ಆಫೀಸಿನ ಇಂಗ್ಲಿಷು. ಈಗ ಉಳಿದಿರುವುದು ಅಮ್ಮ ಹಾಲು ಕುಡಿಸುವಾಗ ಕಲಿಸಿದ ಕುಂದಾಪುರದ ಕನ್ನಡ ಮಾತ್ರ. ನಲವತ್ತು ವರ್ಷ ಬಾಳಿದ ಊರು ಇವರಿಗೆ ಪರದೇಶವಾಗಿದೆ.

ನಮ್ಮ ಮಗಳು ಶ್ರೀಲತಾ ಪೋರೂರಿನಲ್ಲೇ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಚಿಕ್ಕಂದಿನಿಂದ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರ ಕೊಟ್ಟವಳು, ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಅಪ್ಪನಿಗೋಸ್ಕರ ಒದ್ದಾಡುತ್ತಾಳೆ. ದಿನಾ ಫೋನು ಮಾಡಿ, “ಅಪ್ಪಾ, ಸಾಪಾಡು ಆಯ್ತಾ? ಮಾತ್ರೆ ಪೋಟ್ಟೀಂಗಳಾ?” ಎಂದು ಊಟ, ಮಾತ್ರೆ ವಿಚಾರಿಸುತ್ತಾಳೆ. ಇವರು ಫೋನನ್ನು ನನಗೆ ಕೊಟ್ಟು ಮರುಕದಿಂದ, “ಪಾಪ, ಆ ಹೆಣ್ಣಿಗೆ ನಮ್ಮ ಭಾಷಿ ಬತ್ತಿಲ್ಲೆ. ಹೊಸ್ತಾಯಿ ಬಂದದ್ ಕಾಂತ್” ಎನ್ನುತ್ತಾರೆ, ಸ್ವಂತ ಮಗಳನ್ನೇ ಊರಿಗೆ ಹೊಸಬಳೆಂದುಕೊಂಡು. ಅವಳು ಅದನ್ನು ಕೇಳಿಸಿಕೊಂಡು ಒಂದು ಸಲ ಫೋನಿನಲ್ಲೇ ಅತ್ತಳು.

ವಿಳಾಸದ ಚೀಟಿಯನ್ನು ಜೇಬಿನಲ್ಲಿಡಿ ಎಂದು ತಿಳಿದವರೆಲ್ಲ ಹೇಳಿದರು. ಇಟ್ಟೆ. ಇವರು ಪಾರ್ಕಿನಲ್ಲಿ ಪಕ್ಕಕ್ಕೆ ಕೂತವರೊಬ್ಬರಿಗೆ ಅದನ್ನು ಕೊಟ್ಟು, ಬಿಡುವಾದಾಗ ಮನೆಗೆ ಬನ್ನಿ ಎಂದು ಕೈಸನ್ನೆಯಲ್ಲೇ ಕರೆದರು. ಆ ಮಹಾರಾಯರು ಬಂದೂ ಬಂದರು. ಕಾಫಿ ಮಾಡಿ ಕೊಟ್ಟೆ.

ಬೆಳಗ್ಗೆ ಎದ್ದರೆ ಇವರು ಈ ಮನೆಗೆ ಹೊಸದಾಗಿ ಬಂದು ಇಳಿದಿರುತ್ತಾರೆ. ಗೋಡೆ, ಕಿಟಕಿ ಎಲ್ಲ ನೋಡಿ, ಒಳ್ಳೆಯ ದಿನವಾದರೆ ನನ್ನ ಗುರುತು ಹಿಡಿಯುತ್ತಾರೆ. ಅಲ್ಲದ ದಿನ, “ನೀವ್ ಯಾರ್ ಮನಿಯೋರ್?” ಎಂದು ಕೈಮುಗಿಯುತ್ತಾರೆ. ಇಷ್ಟು ವರ್ಷ ‘ಏ, ಇವ್ಳೇ’ ಎಂದು ಕರೆಸಿಕೊಂಡವಳಿಗೆ ಈಗ ಇಷ್ಟೊಂದು ಮರ್ಯಾದೆ. ಮೊದಲ ಸಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಈಗ ಅಳುವುದಿಲ್ಲ, ಬಂದಿಳಿದವರಿಗೆ ಬೇಕಾದ ಸಲಹೆ ಕೊಡುತ್ತೇನೆ: ಬಚ್ಚಲು ತೆಂಕು ಬದಿಗೆ, ದೇವರು ಮೂಡಕ್ಕೆ, ಕಾಫಿ ಇಗೋ ಇಲ್ಲಿ. ದಿಕ್ಕು ಹೇಳಿದರೆ ಸಮಾಧಾನವಾಗುತ್ತದೆ. ನನ್ನ ಹೆದರಿಕೆ ಒಂದೇ. ಬಾಗಿಲು ದಾಟಿ ಹೋಗಿ ಎಲ್ಲಾದರೂ ತಪ್ಪಿಹೋದರೆ, ಇವರ ಮಾತು ತಿಳಿಯುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು.

ಆ ಹೆದರಿಕೆ ಈ ದೀಪಾವಳಿಯ ಮುಂಚೆ ನಿಜವಾಯಿತು. ಇವರಿಗೊಂದು ಪಂಚೆ ತರಲು ಟಿ. ನಗರಕ್ಕೆ ಹೋಗಬೇಕಿತ್ತು. ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ, ಕರೆದುಕೊಂಡೇ ಹೋದೆ. ಹಬ್ಬದ ಮುಂಚಿನ ಟಿ. ನಗರ ಹೇಗಿರುತ್ತದೆಂದು ಹೋದವರಿಗೆ ಗೊತ್ತು. ಅಲ್ಲಿ ನಾವು ನಡೆಯುವುದಿಲ್ಲ, ಜನರೇ ನಮ್ಮನ್ನು ಒಯ್ಯುತ್ತಾರೆ. ಅಂಗಡಿಯೊಳಗೆ ಇವರ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ. ಪೊಟ್ಟಣ ತೆಗೆದುಕೊಳ್ಳಲು ಕೈ ಬಿಟ್ಟೆ. ತಿರುಗಿ ನೋಡುವಾಗ ಇವರಿಲ್ಲ.

ಅಂಗಡಿಯವರು ಒಳ್ಳೆಯವರು, ಕೂಡಲೇ ಮೈಕಿನಲ್ಲಿ ಕೂಗಿಸಿದರು. ನೀಲಿ ಅಂಗಿಯ ಹಿರಿಯರು ಎಲ್ಲಿದ್ದರೂ ಕೆಳಗಿನ ಬಾಗಿಲಿಗೆ ಬರಬೇಕು ಎಂದು ತಮಿಳಿನಲ್ಲಿ, ಮತ್ತೆ ಇಂಗ್ಲಿಷಿನಲ್ಲಿ. ಎರಡೂ ಇವರಿಗೆ ಕಾಗೆ ಕೂಗಿದ ಹಾಗೆ. ಬೀದಿಯಲ್ಲಿದ್ದ ಪೊಲೀಸಿನವರಿಗೆ ಹೇಳಿದೆ, ಅವರೂ ಮೈಕಿನಲ್ಲೇ ಕೂಗಿದರು. ಮಗಳಿಗೆ ಫೋನು ಮಾಡಿದೆ. “ನೀ ಅಂಗೇಯೇ ಇರು ಅಮ್ಮಾ, ನಾನ್ ವರೇನ್” ಎಂದಳು. ಅಲ್ಲೇ ಇರು ಎಂದರೆ ಹೇಗೆ ಇರಲಿ? ಪೋರೂರಿನಿಂದ ಅವಳು ಬಂದು ಮುಟ್ಟುವಷ್ಟರಲ್ಲಿ ಇವರು ಇಳಿಬಿಸಿಲನ್ನು ಮುಖಕ್ಕೆ ಹಾಕಿಕೊಂಡು ಕಡಲು ಹುಡುಕುತ್ತಾ ಎಲ್ಲಿಗೆ ಮುಟ್ಟುತ್ತಾರೋ. ಬಸ್ಸುಗಳ ನಡುವೆ ನೀಲಿ ಅಂಗಿ ಕಂಡಾಗಲೆಲ್ಲ ಹತ್ತಿರ ಓಡಿ ಮುಖ ನೋಡಿದೆ. ಎಷ್ಟೊಂದು ಮುದುಕರು ನೀಲಿ ಅಂಗಿ ಹಾಕುತ್ತಾರೆ ಎಂದು ನನಗೆ ಆ ದಿನ ಗೊತ್ತಾಯಿತು.

ಒಂದು ಜ್ಯೂಸ್ ಅಂಗಡಿಯ ಮುಂದೆ ಕಾಲು ಸೋತು ನಿಂತಾಗ ಯೋಚನೆ ಬಂತು. ನಾನು ಹುಡುಕುತ್ತಿರುವುದು ನಲವತ್ತು ವರ್ಷ ಇಲ್ಲಿದ್ದ ಮನುಷ್ಯನನ್ನು. ತಪ್ಪಿಹೋಗಿರುವವರು ಅವರಲ್ಲ, ಈ ಊರಿಗೆ ಹೊಸದಾಗಿ ಬಂದಿಳಿದ ಒಬ್ಬ ಕುಂದಾಪುರದವರು. ಹೊಸಬರು ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೆ ತಿಳಿದಿಲ್ಲ?

ಮೊದಲು ಸಿಕ್ಕಿದ ಹೋಟೆಲಿನ ಗಲ್ಲಾ ಹತ್ತಿರ ಇವರಿರಲಿಲ್ಲ. ಆಚೆಯದರಲ್ಲೂ ಇಲ್ಲ. ಹೋಗುತ್ತಾ ಹೋಗುತ್ತಾ ಧೈರ್ಯ ಕುಂದಿತು. ಬೋರ್ಡಿನ ಮೇಲೆ ಕೃಷ್ಣನೋ ಗಣಪತಿಯೋ ಇದ್ದಾನೆ, ಒಳಗೆ ದೋಸೆ ಹೊಯ್ಯುವವರು ಅಸ್ಸಾಮಿನವರು, ತಟ್ಟೆ ತೆಗೆಯುವವರು ಒಡಿಶಾದವರು. ನಮ್ಮ ಬದಿಯವರ ಮಕ್ಕಳು ಓದಿ ಬೇರೆ ದಾರಿ ಹಿಡಿದು ಎಷ್ಟೋ ಕಾಲವಾಯಿತು. ರಾಯಭಾರ ಕಚೇರಿಗಳೆಲ್ಲ ಮುಚ್ಚಿರುವುದನ್ನು ಇವರಿಗೆ ಯಾರೂ ಹೇಳಿಲ್ಲ. ಅಂಥ ಕಡೆ ಇವರು ಹೋಗಿ ಕನ್ನಡದಲ್ಲಿ ಮಾತಾಡಿದರೆ ಹುಚ್ಚನೆಂದು ಹೊರಗೆ ಕಳಿಸುತ್ತಾರೆ ಎಂದು ನೆನೆದು ನನಗೆ ದುಃಖ ಒತ್ತರಿಸಿ ಬಂತು. ನಡುಬೀದಿಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು ನಡೆದೆ.

ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ನೀಲಿ ಅಂಗಿ ಕಂಡಿತು. ಗಲ್ಲಾಕ್ಕೆ ಒರಗಿ ನೆಟ್ಟಗೆ ನಿಂತಿದ್ದರು. ಪಕ್ಕದಲ್ಲಿ ಒಂದು ಕುರ್ಚಿ, ಕುಡಿಯದೆ ಆರಿದ ಕಾಫಿ. ಗಲ್ಲಾದಲ್ಲಿ ಕೂತಿದ್ದ ತಮಿಳು ಹೆಂಗಸು ನನ್ನ ಮುಖ ನೋಡಿಯೇ ತಿಳಿದುಕೊಂಡಳು. “ಉಂಗ ವೀಟುಕ್ಕಾರರಾ ಅಕ್ಕಾ?” ಎಂದಳು. ಮನೆಯವರಾ ಎಂದು. ಕೂತುಕೊಳ್ಳಿ ಎಂದರೆ ಕೂರುವುದಿಲ್ಲ, ಹೊರಗೂ ಹೋಗುವುದಿಲ್ಲ, ಒಂದೇ ಮಾತನ್ನು ಹೇಳುತ್ತಾ ನಿಂತಿದ್ದಾರೆ, ಏನೆಂದು ನಮಗೆ ಯಾರಿಗೂ ತಿಳಿಯಲಿಲ್ಲ ಎಂದಳು.

ನಾನು ಹತ್ತಿರ ಹೋಗಿ, “ಹ್ವಾಯ್” ಎಂದೆ. ನಮ್ಮ ಬದಿಯಲ್ಲಿ ಕರೆಯುವುದೇ ಹಾಗೆ.

ಇವರು ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗುರುತು ಸಿಗಲಿಲ್ಲ. ಆದರೂ ಮುಖ ಅರಳಿತು. “ನೀವ್ ನಮ್ಮ ಬದಿಯೋರಾ?” ಎಂದು ಕೇಳಿದರು.

ನಾನು ನಿಮ್ಮ ಹೆಂಡತಿ ಎನ್ನಲು ಬಾಯಿಗೆ ಬಂದಿತ್ತು. ತಡೆದುಕೊಂಡೆ. “ಹೌದ್. ಕುಂದಾಪ್ರ ಬದಿ” ಎಂದೆ.

ಇವರು ಗಲ್ಲಾದ ಹೆಂಗಸಿನ ಕಡೆ ತಿರುಗಿ, ಕೇಸು ಗೆದ್ದ ವಕೀಲರ ಹಾಗೆ, “ಕಂಡ್ರ್ಯಾ? ಯಾರಾರೂ ಒಬ್ರ್ ಬತ್ರ್ ಅಂದೇಳಿ ನಾ ಹೇಳ್ಲಿಲ್ಯಾ?” ಎಂದರು. ಅವಳಿಗೆ ತಿಳಿಯದಿದ್ದರೂ ತಲೆಯಾಡಿಸಿದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಆ ಆರಿದ ಕಾಫಿಯನ್ನು ನಾನೇ ಕುಡಿದೆ.

ಮಗಳಿಗೆ ಫೋನಿನಲ್ಲಿ ಹೇಳಿ ಹೊರಗೆ ಬಂದೆವು. ಗಲ್ಲಾ ಹತ್ತಿರ ನಿಲ್ಲುವವರಿಗೆ ಇವರು ಕೊಟ್ಟ ಸಲಹೆ ಈಗಲೂ ಸರಿಯೇ; ಹುಡುಕಿಕೊಂಡು ಹೋಗುವವರೊಬ್ಬರು ಇರಬೇಕು, ಅಷ್ಟೇ. ಹಾಗೆ ಹೋಗುವವರಿಗೆ ನನ್ನದೂ ಒಂದು ಮಾತಿದೆ. ಹೆಂಡತಿ, ಮಗಳು ಎಂದೆಲ್ಲ ಸಂಬಂಧ ಹೇಳಿಕೊಳ್ಳಲು ಹೋಗಬೇಡಿ. ನಿಮ್ಮ ಬದಿಯವರು ಎನ್ನಿ, ಸಾಕು.

ಬೀದಿಯಲ್ಲಿ ಜನ ಹಾಗೇ ಇತ್ತು. ಆಟೋ ಇದ್ದ ಕಡೆಗೆ ನಡೆಯುವ ಮೊದಲು ಇವರು ನಿಂತು ನನ್ನನ್ನು ಕೇಳಿದರು:

“ನೀವ್ ಈ ಊರಿಗ್ ಬಂದ್ ಸುಮಾರ್ ಸಮಯ ಆಯ್ತಾ?”

“ಇಲ್ಲೆ. ಈಗಷ್ಟೇ ಬಂದದ್” ಎಂದೆ.

“ಹಾಂಗಾರೆ ನನ್ನ ಕೈ ಹಿಡ್ಕಣಿ. ಬಿಡ್ಬೇಡಿ” ಎಂದು ಕೈ ಚಾಚಿದರು.

ಮದುವೆಯಾಗಿ ಬಂದಿಳಿದ ದಿನ ನನಗೆ ಸಿಕ್ಕಿದ್ದು ಕೊಡೆಯ ತುದಿ.