ಬೆನ್ನ ಹಿಂದಿನ ಆಸ್ಪೆನ್

ದೆವ್ವ, ಆತ್ಮ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಗುವವರ ಗುಂಪಿನಲ್ಲಿ ನಾನೂ ಇರುತ್ತಿದ್ದೆ. ಇರುತ್ತಿದ್ದೆ ಏನು, ಆ ಗುಂಪಿಗೆ ಮುಂದಾಳು ಅಂದರೂ ನಡೆದೀತು. ನಾನು ಧಾರವಾಡದವನು. ಪಶ್ಚಿಮ ಲಂಡನ್ನಿನ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಫಿಲ್ಮಿನ ಮೇಲೆ ಏನಾದರೂ ಮೂಡಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂಬುದು ನನ್ನ ಹೊಟ್ಟೆಪಾಡಿನ ನಂಬಿಕೆ. ರೋಗಿ ಅಲುಗಾಡಿದರೆ ಮಸುಕು. ಸರ ತೆಗೆಯುವುದು ಮರೆತರೆ ಎದೆಯ ಮೇಲೆ ಬಿಳಿ ಗೆರೆ. ಡಾರ್ಕ್‌ರೂಮಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಪ್ಪು ಪಟ್ಟೆ. ಕಾರಣವಿಲ್ಲದ ಗುರುತು ಅಂತ ಒಂದನ್ನೂ ನಾನು ಕಂಡಿರಲಿಲ್ಲ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನೂ ನನ್ನ ಹೆಂಡತಿ ವತ್ಸಲಾಳೂ ಆಸ್ಪತ್ರೆಗೆ ಹತ್ತಿರದ ಹೇಸ್‌ನಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದೆವು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಕೊನೆಯದು. ಅವಳು ಮೈಸೂರಿನವಳು, ನನ್ನ ಮಾತೆಂದರೆ ಅವಳಿಗೆ ತಮಾಷೆ. ನಮ್ಮ ಕಡೆ ಮರಕ್ಕೂ ಗಿಡ ಅನ್ನುತ್ತೇವೆ. “ರೀ, ಇಷ್ಟು ದೊಡ್ಡದನ್ನ ಗಿಡ ಅಂತೀರಲ್ಲ, ಮರ ಅಂದ್ರೆ ನಿಮ್ಮೂರಲ್ಲಿ ಆಕಾಶಕ್ಕೆ ತಗುಲ್ಬೇಕೋ ಹೇಗೆ?” ಎಂದು ಎಷ್ಟು ಸಲ ಕೇಳಿದ್ದಾಳೋ. ನನಗೆ ಫೋಟೋ ತೆಗೆಯುವ ಹುಚ್ಚು. ಅಕ್ಸ್‌ಬ್ರಿಡ್ಜ್‌ನ ಕ್ಯಾಮರಾ ಕ್ಲಬ್ಬಿಗೆ ಪ್ರತಿ ಬುಧವಾರ ಹೋಗುತ್ತಿದ್ದೆ. ನನ್ನ ಫೋಟೋ ತೆಗೆಯುವವಳು ಮಾತ್ರ ಅವಳೊಬ್ಬಳೇ. ಅವಳಿಗೆ ಕ್ಯಾಮರಾ ನೆಟ್ಟಗೆ ಹಿಡಿಯಲು ಬರುತ್ತಲೇ ಇರಲಿಲ್ಲ. ಅವಳು ತೆಗೆದ ಎಲ್ಲ ಫೋಟೋಗಳಲ್ಲೂ ನೆಲ ಎಡಕ್ಕೆ ಜಾರುತ್ತಿತ್ತು, ಸಾರಿನ ತಟ್ಟೆ ಓರೆ ಹಿಡಿದ ಹಾಗೆ. ನಾನು ರೇಗಿಸಿದರೆ, ಮನುಷ್ಯ ಕಾಣ್ತಾನಲ್ಲ, ಸಾಕು ಬಿಡಿ ಅನ್ನುತ್ತಿದ್ದಳು.

ಮದುವೆಯಾಗಿ ಎಂಟು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ನಮ್ಮ ಬಡಾವಣೆಯ ಡಾಕ್ಟರು, ಜಿಪಿ, ಅವರ ಹತ್ತಿರ ಹೋದೆವು, ಅವರು ಬರೆದುಕೊಟ್ಟಲ್ಲಿಗೆಲ್ಲ ಹೋದೆವು. ಇಬ್ಬರಲ್ಲೂ ದೋಷವಿಲ್ಲ ಎಂದರು. ದೋಷವಿದೆ ಎಂದಿದ್ದರೆ ಹಗುರಾಗುತ್ತಿತ್ತೇನೋ.

ಹೇಸ್‌ನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಕಾಲುವೆ ಸಿಗುತ್ತದೆ. ಅದರ ದಂಡೆಯ ಮೇಲೆ, ಗೋದಾಮುಗಳ ಹಿಂಭಾಗದಲ್ಲಿ, ಒಂದು ಆಸ್ಪೆನ್ ಮರ ಇತ್ತು. ಆಸ್ಪೆನ್ ಎಲೆ ದುಂಡಗೆ, ತೊಟ್ಟು ಉದ್ದ ಮತ್ತು ಚಪ್ಪಟೆ. ಗಾಳಿ ಇದೆ ಎಂದು ನಮಗೆ ಅನ್ನಿಸುವ ಮೊದಲೇ ಅದು ಅಲುಗಾಡತೊಡಗುತ್ತದೆ. ಅರಳಿ ಎಲೆ ಅಲುಗುವುದನ್ನು ನೋಡಿದವರಿಗೆ, ಅದರ ಸರಸರ ಸದ್ದು ಕೇಳಿದವರಿಗೆ, ಕಣ್ಣು ಮುಚ್ಚಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ವತ್ಸಲಾ ಅದನ್ನೇ ಅಶ್ವತ್ಥ ಮಾಡಿಕೊಂಡಳು. ಮಕ್ಕಳಿಗಾಗಿ ಅಶ್ವತ್ಥ ಪ್ರದಕ್ಷಿಣೆ ಮಾಡುವುದು ನಮ್ಮಲ್ಲಿ ಇರುವ ಪದ್ಧತಿಯೇ. ನಲವತ್ತೆಂಟು ದಿನದ ಸಂಕಲ್ಪ ಮಾಡಿಕೊಂಡು, ನಾನು ಡ್ಯೂಟಿಗೆ ಹೋದ ಮೇಲೆ, ದಿನಾ ಬೆಳಿಗ್ಗೆ ಹೋಗಿ ಆ ಮರ ಸುತ್ತುತ್ತಿದ್ದಳು. ಸೌತ್‌ಹಾಲ್‌ನ ಭಾರತೀಯ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಅಡುಗೆಮನೆಯಲ್ಲಿ ನೇತುಹಾಕಿದ್ದ ಆ ಕ್ಯಾಲೆಂಡರನ್ನು ನಾನು ದಿನವೂ ನೋಡುತ್ತಿದ್ದೆ, ಆದರೆ ಆ ಬೊಟ್ಟು ಏನೆಂದು ಕೇಳಿರಲಿಲ್ಲ.

ನನಗೆ ಗೊತ್ತಾದದ್ದು ಸಹೋದ್ಯೋಗಿಯೊಬ್ಬಳಿಂದ. ನಿನ್ನ ಹೆಂಡತಿಗೆ ಹುಷಾರಿದೆಯೇ, ಕಾಲುವೆಯ ಹತ್ತಿರ ಚಪ್ಪಲಿ ಬಿಟ್ಟು ಮರ ಸುತ್ತುತ್ತಿದ್ದಳು ಎಂದು ಕಾಳಜಿಯಿಂದಲೇ ಕೇಳಿದಳು. ಮನೆಗೆ ಬಂದವನೇ ಕೋಟು ಕೂಡ ತೆಗೆಯದೆ ಕೂಗಾಡಿದೆ.

“ಹುಚ್ಚ ಹಿಡದದ ಏನ ನಿನಗ? ಅದು ಅಶ್ವತ್ಥ ಅಲ್ಲ. ನೀ ಜನ್ಮ ಪೂರ್ತಿ ಸುತ್ತಿದರೂ ಅದರಿಂದ ಏನೂ ಆಗೂದಿಲ್ಲ. ನಾಳಿಂದ ಹೋಗಬ್ಯಾಡ.”

ಅವಳು ಕುಕ್ಕರಿನ ಮುಚ್ಚಳ ಹಾಕುತ್ತಿದ್ದಳು. “ಅಶ್ವತ್ಥ ಅಲ್ಲ ಅಂತ ನಂಗೂ ಗೊತ್ತು ರೀ. ಇಲ್ಲಿ ನಮಗೆ ಸಿಕ್ಕಿರೋದು ಇದೇ ತಾನೆ?” ಎಂದಳು. ಮಾರನೆಯ ದಿನದಿಂದ ಹೋಗಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಿಕೊಳ್ಳಲಿಲ್ಲ. ಮೊದಲಿನ ಹಾಗೆಯೇ ಇದ್ದಳು, ತಮಾಷೆ ಮಾತ್ರ ಕಡಿಮೆಯಾಯಿತು. ನಾನು ಅದನ್ನು ಗಮನಿಸಿದೆ. ಒಂದು ದಿನ ಕೂತು ತಪ್ಪಾಯಿತು ಎಂದು ಹೇಳೋಣ ಎಂದುಕೊಂಡೆ. ಆ ಒಂದು ದಿನ ಬರಲಿಲ್ಲ.

ಎರಡು ವರ್ಷದ ನಂತರ ಮಾರ್ಚಿನಲ್ಲಿ ಅವಳು ಅಡುಗೆಮನೆಯಲ್ಲಿ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ. ಸ್ಕ್ಯಾನ್ ಮಾಡಿದ ಹುಡುಗಿ ನನ್ನ ವಿಭಾಗದವಳೇ. ಡಾಕ್ಟರು ಬಾಯಿ ತೆರೆಯುವ ಮೊದಲೇ ಫಿಲ್ಮ್ ನೋಡಿ ನನಗೆ ಎಲ್ಲ ತಿಳಿದಿತ್ತು. ಮೂರು ದಿನಕ್ಕೆ ಹೋದಳು. ಆಮೇಲೆ ಅವಳ ಸೀರೆಗಳನ್ನು ಕಟ್ಟಿಡುವಾಗ ಆ ಹಳೆಯ ಕ್ಯಾಲೆಂಡರು ಸಿಕ್ಕಿತು, ಮಡಿಸಿ ಮೈಸೂರು ಸಿಲ್ಕಿನ ಸೀರೆಯೊಳಗೆ ಇಟ್ಟಿದ್ದಳು. ಬೊಟ್ಟುಗಳನ್ನು ಎಣಿಸಿದೆ. ನಲವತ್ತೊಂದು. ನಾನು ಕೂಗಾಡಿದ ದಿನಕ್ಕೆ ನಿಂತಿದ್ದವು. ಅವಳು ನನ್ನನ್ನು ಕ್ಷಮಿಸಿ ಹೋದಳೋ, ಕ್ಷಮಿಸದೆ ಹೋದಳೋ ಎಂಬುದೊಂದೇ ಪ್ರಶ್ನೆ ಆವತ್ತಿನಿಂದ ನನ್ನ ಜೊತೆ ಆ ಮನೆಯಲ್ಲಿ ವಾಸಕ್ಕಿತ್ತು.

ಅವಳು ಹೋದ ಮೇಲಿನ ಎರಡನೆಯ ಅಕ್ಟೋಬರ್. ಕ್ಲಬ್ಬಿನ ಸ್ಪರ್ಧೆಗೆ ಆ ಸಲ ವಿಷಯ ಶರತ್ಕಾಲ. ಸ್ಕಾಟ್ಲೆಂಡಿನ ಬೆಟ್ಟಗಳ ತಪ್ಪಲಿನಲ್ಲಿ ಆಸ್ಪೆನ್ ತೋಪುಗಳಿವೆ, ಅಕ್ಟೋಬರಿನಲ್ಲಿ ಎಲೆಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗುತ್ತವೆ ಎಂದು ಓದಿದ್ದೆ. ನಾಲ್ಕು ದಿನ ರಜೆ ಹಾಕಿ ರೈಲು ಹತ್ತಿದೆ. ಆಸ್ಪೆನ್ನೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬಣ್ಣ ಚೆನ್ನಾಗಿರುತ್ತದೆ ಎನ್ನುತ್ತಿದ್ದೆ. ಅವಳು ಹೋದ ಮೇಲೆ ಕಾಲುವೆಯ ದಾರಿಗೆ ಮಾತ್ರ ನಾನು ಒಮ್ಮೆಯೂ ಹೋಗಿರಲಿಲ್ಲ.

ಆಸ್ಪೆನ್ ಫೋಟೋ ತೆಗೆಯುವವನಿಗೆ ಗಾಳಿಯೇ ಶತ್ರು. ನಾನು ಬಳಸುತ್ತಿದ್ದದ್ದು ಬೆಳಕು ಹಿಡಿಯಲು ಹೊತ್ತು ಬೇಡುವ ನಿಧಾನದ ಸ್ಲೈಡ್ ಫಿಲ್ಮ್, ಪರದೆಯ ಮೇಲೆ ಹಾಕಿ ನೋಡುವಂಥದ್ದು. ಕ್ಯಾಮರಾವನ್ನು ಟ್ರೈಪಾಡಿನ ಮೇಲೆ ಗಟ್ಟಿಯಾಗಿ ಕೂರಿಸಿ, ಎಲೆ ನಿಶ್ಚಲವಾಗುವವರೆಗೂ ಕಾಯಬೇಕು. ನಾನು ಎಕ್ಸ್‌ರೇ ರೂಮಿನ ಅಭ್ಯಾಸ ಬಿಡದವನು, ತೆಗೆದ ಪ್ರತಿ ಚಿತ್ರಕ್ಕೂ ಒಂದು ಸಣ್ಣ ಪುಸ್ತಕದಲ್ಲಿ ಸಂಖ್ಯೆ, ಸಮಯ, ಬೆಳಕಿನ ಅಳತೆ ಬರೆಯುತ್ತಿದ್ದೆ. ಎರಡನೆಯ ದಿನ ಬೆಳಿಗ್ಗೆ ಒಂದು ಇಳಿಜಾರಿಗೆ ಹೋದೆ. ಎದುರಿಗೆ ಕೆರೆ, ಅದರಾಚೆ ಹಳದಿ ತೋಪು, ಅದರ ಮೇಲೆ ತಲೆಗೆ ಹೊಸ ಹಿಮ ಹಾಕಿಕೊಂಡ ಬೆಟ್ಟ. ನನ್ನ ಬೆನ್ನ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂಟಿಯಾಗಿ ಒಂದು ದೊಡ್ಡ ಆಸ್ಪೆನ್ ನಿಂತಿತ್ತು. ಹತ್ತುವಾಗ ಅದರ ಪಕ್ಕದಿಂದಲೇ ಬಂದಿದ್ದೆ. ಸುತ್ತ ಒಂದು ಕುರಿ ಸಹ ಇರಲಿಲ್ಲ.

ಅಷ್ಟು ನಿಶ್ಚಲವಾದ ದಿನವನ್ನು ನಾನು ಆ ದೇಶದಲ್ಲಿ ಮತ್ತೆ ಕಂಡಿಲ್ಲ. ಎದುರಿನ ತೋಪಿನಲ್ಲಿ ಒಂದೆಲೆಯೂ ಮಿಸುಕುತ್ತಿರಲಿಲ್ಲ. ಮೂರು ಗಂಟೆ ಅಲ್ಲೇ ನಿಂತು, ಮೋಡ ಸರಿದ ಹಾಗೆಲ್ಲ ಒಂದೊಂದೇ ಚಿತ್ರ ತೆಗೆದೆ. ಹತ್ತೂವರೆಯ ಸುಮಾರಿಗೆ ಬೆನ್ನ ಹಿಂದೆ ಎಲೆಗಳ ಸದ್ದು ಕೇಳಿಸಿತು. ಸರಸರ, ಸರಸರ. ಗಾಳಿ ಶುರುವಾಯಿತಲ್ಲಪ್ಪಾ ಎಂದು ಶಪಿಸಿಕೊಂಡೆ. ಎದುರಿನ ಮರಗಳು ಮಾತ್ರ ಹಾಗೇ ಇದ್ದವು, ನನ್ನ ಕೆನ್ನೆಗೂ ಗಾಳಿ ತಾಗಲಿಲ್ಲ. ಆ ಸದ್ದು ಬಹಳ ಹೊತ್ತು ಇತ್ತು. ತಿರುಗಿ ನೋಡೋಣ ಅನ್ನಿಸಿತು. ಬೆರಳು ಶಟರ್ ಒತ್ತುವ ಕೇಬಲ್ ಮೇಲಿತ್ತು, ಬೆಳಕು ಬರುವುದರಲ್ಲಿತ್ತು, ನೋಡಲಿಲ್ಲ.

ಇಪ್ಪತ್ತೊಂಬತ್ತನೆಯ ಚಿತ್ರ ತೆಗೆದ ಮೇಲೆ ಫಿಲ್ಮ್ ಸುತ್ತುವ ಲಿವರ್ ಮುಂದಕ್ಕೆ ಹೋಗಲಿಲ್ಲ. ಮೂವತ್ತಾರರ ರೋಲು, ಇನ್ನೂ ಏಳು ಉಳಿದಿರಬೇಕಿತ್ತು. ಕ್ಯಾಮರಾದ ಎಣಿಕೆಯ ಕಿಟಕಿ ನೋಡಿದರೆ ಮೂವತ್ತಾರು ತೋರಿಸುತ್ತಿತ್ತು. ಬರೆಯುವುದರಲ್ಲಿ ತಪ್ಪಿದೆ ಎಂದುಕೊಂಡು ರೋಲು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಹೇಸ್‌ಗೆ ಮರಳಿದ ಮೇಲೆ ಫಿಲ್ಮ್ ಅಂಚೆಯಲ್ಲಿ ಲ್ಯಾಬಿಗೆ ಹೋಯಿತು, ವಾರದಲ್ಲಿ ಸ್ಲೈಡುಗಳಾಗಿ ಬಂತು. ಅವತ್ತು ಸಂಜೆ ಫೆಲಿಕ್ಸ್ ಬಂದಿದ್ದರು. ಅವರು ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ಹೀಥ್ರೋ ಕಾರ್ಗೋದಲ್ಲಿ ಕೆಲಸ, ಕ್ಲಬ್ಬಿನಲ್ಲಿ ನನಗಿದ್ದ ಒಬ್ಬನೇ ಕನ್ನಡದ ಗೆಳೆಯ. ವತ್ಸಲಾ ಇದ್ದಾಗಲೂ ಹೀಗೇ ಬಂದು ಸ್ಲೈಡು ನೋಡಿ, ಊಟ ಮಾಡಿ ಹೋಗುತ್ತಿದ್ದರು. ಮುಂಕೋಣೆಯಲ್ಲಿ ಪರದೆ ಇಳಿಬಿಟ್ಟು ಪ್ರೊಜೆಕ್ಟರ್ ಹಚ್ಚಿದೆ. ಬೆಟ್ಟ, ಕೆರೆ, ಹಳದಿ ತೋಪು ಒಂದೊಂದಾಗಿ ಬಂದವು. ಒಳ್ಳೆಯ ಚಿತ್ರಗಳೇ. ಇಪ್ಪತ್ತೊಂಬತ್ತು ಮುಗಿಯಿತು. ಮೂವತ್ತನೆಯದು ಬಿತ್ತು.

ಒಂದೇ ಆಸ್ಪೆನ್ ಮರ. ನಾನು ತೆಗೆದದ್ದಲ್ಲ. ಮರದ ಹಿಂದೆ ನಾನು ಹತ್ತಿ ಬಂದಿದ್ದ ಇಳಿಜಾರು ಕಾಣುತ್ತಿತ್ತು. ಮೂವತ್ತೊಂದು, ಅದೇ ಮರ, ಸ್ವಲ್ಪ ಪಕ್ಕದಿಂದ. ಹಿಂದೆ ಕಲ್ಲಿನ ಗೋಡೆ. ಮೂವತ್ತೆರಡು, ಇನ್ನೂ ಸ್ವಲ್ಪ ಪಕ್ಕದಿಂದ. ತೆಗೆದವರು ಮರವನ್ನು ಬಲಕ್ಕೆ ಬಿಟ್ಟುಕೊಂಡು ಅದರ ಸುತ್ತ ಹೋಗುತ್ತಿದ್ದರು. ಚಿತ್ರದಲ್ಲಿ ಉಳಿದದ್ದೆಲ್ಲ ಸ್ಪಷ್ಟವಾಗಿತ್ತು, ಆ ಮರದ ಎಲೆಗಳು ಮಾತ್ರ ಅಲುಗಿ ಮಸುಕಾಗಿದ್ದವು.

“ಎಂತದು ಮಾರಾಯ್ರೆ, ಕ್ಯಾಮರಾ ಓರೆ ಹಿಡಿದಿದ್ದೀರಲ್ಲ,” ಎಂದರು ಫೆಲಿಕ್ಸ್. “ಇದು ನಿಮ್ಮದಲ್ಲ. ಲ್ಯಾಬಿನವರು ಬೇರೆ ಯಾರದ್ದೋ ರೋಲು ಸೇರಿಸಿದ್ದಾರೆ.”

ನಾನು ಮುಂದಿನ ಸ್ಲೈಡುಗಳನ್ನು ಹಾಕುತ್ತ ಹೋದೆ. ಪ್ರತಿಯೊಂದರಲ್ಲೂ ನೆಲ ಎಡಕ್ಕೆ ಜಾರುತ್ತಿತ್ತು. ಕೊನೆಯ ಸ್ಲೈಡು ಬಿತ್ತು. ಮರದ ಕಾಂಡ ಬಲಗಡೆ ಹತ್ತಿರದಲ್ಲಿ, ದೂರದಲ್ಲಿ ಬೆಟ್ಟ, ಕೆರೆ. ನಡುವೆ ಟ್ರೈಪಾಡ್, ಅದರ ಮೇಲೆ ಕ್ಯಾಮರಾ. ಅದರ ಹಿಂದೆ ಬೆನ್ನು ಹಾಕಿ ಒಬ್ಬ ಮನುಷ್ಯ. ನೀಲಿ ಜಾಕೆಟ್ಟು, ಭುಜದ ಕೆಳಗೆ ಹರಿದ ಜಾಗಕ್ಕೆ ಹಸಿರು ದಾರದಲ್ಲಿ ಹಾಕಿದ ತೇಪೆ. ಆ ತೇಪೆ ವತ್ಸಲಾ ಹಾಕಿದ್ದು. ನೀಲಿ ದಾರ ಮುಗಿದಿದೆ, ಬೆನ್ನು ಯಾರು ನೋಡ್ತಾರೆ ಎಂದಿದ್ದಳು.

ಫೆಲಿಕ್ಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದ್ದು ಪರದೆಯ ಹತ್ತಿರ ಹೋಗಿ ನೋಡಿದರು. “ನಿಮ್ಮ ಹತ್ತಿರ ಇನ್ನೊಂದು ಕ್ಯಾಮರಾ ಇತ್ತಾ?”

“ಇಲ್ಲ.”

“ಹಾಗಾದರೆ ಇದು ತೆಗೆದದ್ದು ಯಾರು?”

ಫೆಲಿಕ್ಸ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕೂತರು. ಆವತ್ತು ಊಟ ಮಾಡದೆ ಹೋದರು. ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು.

ಒಬ್ಬನೇ ಇದ್ದಾಗ ಕೈಗೆ ಏನಾದರೂ ಕೆಲಸ ಬೇಕಿತ್ತು. ಕ್ಲಬ್ಬಿನಲ್ಲಿ ಒಂದು ನಿಯಮವಿದೆ, ಸ್ಲೈಡಿನ ಚೌಕಟ್ಟಿನ ಎಡ ಕೆಳಮೂಲೆಗೆ ಒಂದು ಕೆಂಪು ಬೊಟ್ಟು ಅಂಟಿಸಬೇಕು, ಪರದೆಯ ಮೇಲೆ ತಲೆಕೆಳಗಾಗಿ ಬೀಳದಿರಲಿ ಎಂದು. ಬೊಟ್ಟಿನ ಹಾಳೆ ತೆಗೆದು ಆ ಏಳು ಸ್ಲೈಡುಗಳಿಗೆ ಅಂಟಿಸುತ್ತ ಹೋದೆ. ಏಳನೆಯದನ್ನು ಅಂಟಿಸಿ, ಸಾಲಾಗಿ ಜೋಡಿಸಿದವನು ಹಾಗೇ ನೋಡುತ್ತ ಕೂತೆ. ಆಮೇಲೆ ಮೇಲಿನ ಕೋಣೆಗೆ ಹೋಗಿ ಆ ಕ್ಯಾಲೆಂಡರು ತಂದೆ. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆ. ನಲವತ್ತೊಂದು, ಇಲ್ಲಿ ಏಳು. ಕೂಡಿದರೆ ನಲವತ್ತೆಂಟು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವಳು ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಕಾರಣ ಹುಡುಕದೆ ಬಿಟ್ಟೆ ಎಂದುಕೊಳ್ಳಬೇಡಿ. ಚೌಕಟ್ಟು ಬಿಡಿಸಿ ಫಿಲ್ಮಿನ ಅಂಚು ನೋಡಿದೆ, ಸಂಖ್ಯೆಗಳು ಒಂದರ ಹಿಂದೆ ಒಂದು ಸರಿಯಾಗಿವೆ, ಅದೇ ರೋಲು. ಲ್ಯಾಬಿಗೆ ಫೋನ್ ಮಾಡಿದೆ, ಬೇರೆ ರೋಲು ಬೆರೆತಿಲ್ಲ ಎಂದರು. ದುಃಖದಲ್ಲಿ ನಾನೇ ಮೈಮರೆತು ಮರ ಸುತ್ತಿ ತೆಗೆದಿರಬಹುದೇ ಎಂದೂ ಯೋಚಿಸಿದೆ. ಆರು ಚಿತ್ರಕ್ಕೆ ಆ ಮಾತು ಒಪ್ಪುತ್ತದೆ. ಏಳನೆಯದಕ್ಕೆ ಒಪ್ಪುವುದಿಲ್ಲ, ಅದರಲ್ಲಿ ನಾನೂ ಇದ್ದೇನೆ, ನನ್ನ ಕ್ಯಾಮರಾವೂ ಇದೆ. ಅವಳೇ ಎಂದುಕೊಂಡರೆ ಇನ್ನೊಂದು ಕಗ್ಗಂಟು. ಮಗುವಿಗಾಗಿ ಮಾಡಿದ ಸಂಕಲ್ಪವನ್ನು ಈಗ ಯಾರಿಗಾಗಿ ಮುಗಿಸಿದಳು? ಸಿಟ್ಟಿನಿಂದಲೋ, ಪ್ರೀತಿಯಿಂದಲೋ? ಅದು ಇವತ್ತಿಗೂ ನನಗೆ ತಿಳಿದಿಲ್ಲ.

ಸ್ಪರ್ಧೆಗೆ ನಾನು ಏನನ್ನೂ ಕೊಡಲಿಲ್ಲ. ಪ್ರೊಜೆಕ್ಟರಿನ ಬಲ್ಬು ಹೋಗಿ ಎಷ್ಟೋ ವರ್ಷವಾಯಿತು. ಪ್ರತಿ ಅಕ್ಟೋಬರಿನಲ್ಲಿ ಒಮ್ಮೆ ಆ ಸ್ಲೈಡುಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಆರನ್ನು ಸುಲಭವಾಗಿ ನೋಡುತ್ತೇನೆ. ಏಳನೆಯದು ಕಷ್ಟ. ಬೆಳಕು ಬರಲಿ ಎಂದು ಕಾಯುತ್ತ ಅದರಲ್ಲಿ ನಿಂತಿರುವ ಮನುಷ್ಯನಿಗೆ ಹಿಂದಿನ ಎಲೆಗಳ ಸದ್ದು ಕೇಳಿಸುತ್ತಿದೆ ಎಂದು ನನಗೆ ಗೊತ್ತು. ಒಮ್ಮೆ ತಿರುಗಿದ್ದರೆ ಸಾಕಿತ್ತು. ಅವನು ಬೆಟ್ಟವನ್ನೇ ನೋಡುತ್ತಿದ್ದಾನೆ.