ಸಾವ್ಕಾರ್ರು ಬಾಯಿ ತಪ್ಪಿ ಆಡಿದ ಮಾತು

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಅಡುಗೆಮನೆ ಸೋರುವುದು ಮಾತ್ರ ಒಂದು ದಿನವೂ ನಿಂತಿರಲಿಲ್ಲ.

ಸಿಂದಗಿಯ ಆರು ಬಾಡಿಗೆ ಮನೆಗಳ ಒಂದು ಕಟ್ಟಡದಲ್ಲಿ ಮೇಲಿನ ಮನೆ ನಮ್ಮದು. ಅಕ್ಕ ಅಂಗನವಾಡಿ ಟೀಚರ್. ನಾನು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವವಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳುವವರು ಕೇಳಿ ಕೇಳಿ ದಣಿದು ಬಿಟ್ಟಿದ್ದರು. ನಮ್ಮ ಒಲೆಯ ನೇರಕ್ಕೆ, ಮಾಳಿಗೆಯ ಮೇಲೆ, ಇಡೀ ಕಟ್ಟಡದ ನೀರಿನ ಟಾಕಿ ಇತ್ತು. ಅದು ಸೀಳಿ ವರ್ಷವಾಗಿತ್ತು. ಬೇಸಿಗೆಯಲ್ಲಿ ಓಣಿಯವರೆಲ್ಲ ಕೊಡ ಹಿಡಿದು ನಿಂತಾಗಲೂ ನಮ್ಮ ಒಲೆಯ ಪಕ್ಕ ಹನಿ ತಪ್ಪುತ್ತಿರಲಿಲ್ಲ. "ಮುಳವಾಡ ಕಾಲುವಿ ನೀರು ಹೊಲಕ್ಕ ಹೋಗೂದ ಬಿಟ್ಟು ನಮ್ಮ ಅಡಿಗಿಮನಿಗೇ ಬಂತ ನೋಡ" ಎಂದು ಅಕ್ಕ ಬೋಗುಣಿ ಇಡುತ್ತಿದ್ದಳು.

ಮನೆಯ ಮಾಲೀಕರು ಮುದ್ದೇಬಿಹಾಳದವರು. ಎಲ್ಲರೂ ಅವರನ್ನು ಸಾವ್ಕಾರ್ರು ಅನ್ನುತ್ತಾರೆ. ಅವರೊಡನೆ ಜಗಳ ಅಕ್ಕನ ಖಾತೆ. ಸೋರುವ ಜಾಗದ ಫೋಟೊ ಕಳಿಸಿದರೆ ಅವರಿಂದ ಗುಲಾಬಿ ಹೂವಿನ ಶುಭೋದಯ ಬರುತ್ತಿತ್ತು. ಫೋನ್ ಮಾಡಿದರೆ ಒಂದೇ ಉತ್ತರ: "ನಾಳೆ ಬರ್ತೇನ್ರಿ ಅಕ್ಕಾರ."

"ನಿಮ್ಮ ನಾಳೆಗೆ ಈಗ ಮೀಸಿ ಬಂದಾವ್ರಿ ಸಾವ್ಕಾರ್ರ! ಒಂದು ಕನ್ಯಾ ನೋಡ್ರಿ ಅದಕ್ಕ!"

ಅಕ್ಕ ನನಗೆ ಕೇಳಲೆಂದೇ ಸ್ಪೀಕರ್ ಹಾಕುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಅವರೊಡನೆ ನಾನು ಒಂದು ಮಾತೂ ಆಡಿದವಳಲ್ಲ. ಅಕ್ಕ ಹೋದ ಮೇಲೆ ನಾನೂ ಒಂದು ಫೋಟೊ ಕಳಿಸಿದೆ. ನನಗೂ ಗುಲಾಬಿ ಬಂತು. ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಊರವರ ಅರ್ಜಿಯನ್ನೆಲ್ಲ ಬರೆದುಕೊಡುವ ಕೈ ಇದು.

ಒಂದು ಬುಧವಾರ ಇಂಡಿಯಲ್ಲಿರುವ ಅಣ್ಣ ಬಂದ. ಅವನಿಗೆ ರೊಟ್ಟಿ ಮಾಡೋಣವೆಂದು ಹಿಟ್ಟು ನಾದಿಟ್ಟು ತಿರುಗುವಷ್ಟರಲ್ಲಿ ಚಾವಣಿಯ ಗಿಲಾವು ಅಂಗೈಯಗಲ ಕಳಚಿ ಹಿಟ್ಟಿನ ಪರಾತದಲ್ಲಿ ಬಿತ್ತು.

"ತಲಿ ಮ್ಯಾಲ ಬಿದ್ದಿದ್ರ?" ಅಣ್ಣ ಎದ್ದು ನಿಂತ. "ಸಾಕಿನ್ನ. ಐತವಾರ ಟೆಂಪೊ ತರ್ತೇನಿ. ಸಾಮಾನ ಕಟ್ಟಿಡು."

"ರಿಪೇರಿ ಆದ್ರ ಇಲ್ಲೇ ಇರ್ತೇನಿ ಅಣ್ಣಾ."

"ಐತವಾರದೊಳಗ ಆದ್ರ ಇರು ಹಂಗಾರ" ಎಂದು ಅವನು ನಕ್ಕ. ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಅಣ್ಣ, ವೈನಿ ಇಬ್ಬರೂ ಒಳ್ಳೆಯವರು. ಆದರೆ ಈ ಮನೆಯಲ್ಲಿ ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಅಕ್ಕ ಬಂದಳೇನೋ ಅನ್ನಿಸುತ್ತದೆ. ಇಂಡಿಯಲ್ಲಿ ಹಾಗೆ ಅನ್ನಿಸುವುದಿಲ್ಲ. ಹದಿನಾರು ವರ್ಷ ಇಬ್ಬರೂ ಇದ್ದ ಮನೆ ಇದು. ಇದನ್ನು ಬಿಟ್ಟರೆ ಅವಳನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗಾಗುತ್ತಿತ್ತು. ಆದರೂ ಗುರುವಾರ ರಾತ್ರಿ ಎರಡು ಚೀಲ ಕಟ್ಟಿದೆ.

ಶುಕ್ರವಾರ ಸಾವ್ಕಾರ್ರು ಯಾರದೋ ಮದುವೆಗೆಂದು ಸಿಂದಗಿಗೆ ಬಂದಿದ್ದರು. ನಮ್ಮ ಕೆಳಗಿನ ಮನೆಯ ಖಾಲಾ, ಎಪ್ಪತ್ತು ದಾಟಿದ ಮುದುಕಿ, ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವರು ರಸ್ತೆಯಲ್ಲಿ ಅವರನ್ನು ಕಂಡರು.

"ಏ ಸಾವ್ಕಾರ! ಸತ್ತಾಕೀಗಿ ಮಣ್ಣು ಕೊಡಾಕ ಬರ್ಲಿಲ್ಲ. ಇದ್ದಾಕೀನರ ಮಾತಾಡಿಸಿ ಹೋಗು. ಮಂದಿ ಏನಂತಾರ?"

ಮಂದಿ ಎಂದ ಕೂಡಲೇ ಅವರು ಮೆಟ್ಟಿಲು ಹತ್ತಿದರು. ಹಿಂದೆಯೇ ಖಾಲಾ, ಅಕ್ಕಿಯ ಮೊರ ಹಿಡಿದುಕೊಂಡೇ. ಕುರ್ಚಿಯಲ್ಲಿ ಕೂತು ಸಾವ್ಕಾರ್ರು "ಭಾಳ ಚಲೋ ಮನಷ್ಯಾಳ ಇದ್ರು" ಅಂದರು. ಒಳಗೆ ಬೋಗುಣಿಯಲ್ಲಿ ಟಪ್ ಟಪ್ ಸದ್ದು. ಅವರು ಅದನ್ನು ಕೇಳದವರ ಹಾಗೆ ಗೋಡೆ ನೋಡಿದರು. ಮಾತಾಡಿಸಲು ಬಂದವರ ಮುಂದೆ ರಿಪೇರಿ ಮಾತು ತೆಗೆಯಬಾರದೆಂದು ನಾನೂ ಸುಮ್ಮನಿದ್ದೆ. ಹತ್ತು ನಿಮಿಷವಾಯಿತು. ಬದುಕಿದೆ ಎಂಬಂತೆ ಎದ್ದು, ಕೈಮುಗಿದು, ರೂಢಿಯ ಮೇಲೆ ಅಂದುಬಿಟ್ಟರು:

"ಆತ್ರಿ ಅಕ್ಕಾರ, ನಾಳೆ ಬರ್ತೇನಿ."

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ಸುಮ್ಮನೆ ಎದ್ದು ಹೋಗುತ್ತಾರೆ. ಬರ್ತೇನಿ ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದ ಹಾಗೆ. ಖಾಲಾ "ತೋಬಾ ತೋಬಾ" ಎಂದು ಕೆನ್ನೆ ಬಡಿದುಕೊಂಡರು. ಸಾವ್ಕಾರ್ರ ಮುಖ ಸುಣ್ಣವಾಯಿತು. ಆ ಮನೆಯಲ್ಲಿ ಉಳಿದವಳು ನಾನೊಬ್ಬಳೇ ತಾನೆ.

ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. "ಅಂದದ್ದು ಅಂದ ಬಿಟ್ರಿ ಸಾವ್ಕಾರ್ರ. ಈಗ ನಾಳೆ ಬರ್ಲೇಬೇಕು. ಆದ್ರ ಬರಿಗೈಲೆ ಬರಬಾರ್ದು. ಗೌಂಡಿ ಕರ್ಕೊಂಡು, ಹೊಸಾ ಟಾಕಿ ತಗೊಂಡು, ಚಲೋ ಕೆಲಸಕ್ಕ ಬರ್ರಿ. ಆವಾಗ ದೋಷ ಕಳೀತೈತಿ."

"ಹಂಗ ಐತೇನ್ರಿ?"

"ಐತಪಾ" ಅಂದರು ಖಾಲಾ. "ನಮ್ಮಾಗೂ ಹಂಗ ಐತಿ. ಸೂರ್ಯಾ ಮುಳುಗೂದ್ರೊಳಗ ಬರಬೇಕು ಮತ್ತ."

ಅವರು ಹೋದ ಮೇಲೆ ಖಾಲಾ ನನ್ನ ತೊಡೆಗೆ ಒಂದು ಹೊಡೆದರು. "ನಿಮ್ಮಾಗ ಹಂಗ ಐತೇನಬೇ?"

"ಇಲ್ಲ ಖಾಲಾ. ನಿಮ್ಮಾಗ?"

"ನಮ್ಮಾಗೂ ಇಲ್ಲ."

ಎರಡು ತಿಂಗಳಲ್ಲಿ ಮೊದಲ ಸಲ ಅವತ್ತು ನಾನು ಹೊಟ್ಟೆ ಹಿಡಿದು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಖಾಲಾ ಅಕ್ಕಿ ಆರಿಸುತ್ತ ಕೂತೇ ಇದ್ದರು.

ಶನಿವಾರ ಒಂಬತ್ತಕ್ಕೆಲ್ಲ ಸಾವ್ಕಾರ್ರು ಹಾಜರು. ಗೌಂಡಿ, ಸಿಮೆಂಟು, ಕರಿ ಟಾಕಿ, ಜೊತೆಗೆ ಒಂದು ತೆಂಗಿನಕಾಯಿ. ಐತವಾರ ಅಣ್ಣ ಟೆಂಪೊ ತಂದಾಗ ಗೌಂಡಿ ಅಡುಗೆಮನೆಯಲ್ಲಿ ಹೊಸ ಗಿಲಾವು ಮಾಡುತ್ತಿದ್ದ.

"ಯಾರು ಮಾತಾಡಿದ್ರು?" ಅಣ್ಣ ಕೇಳಿದ.

"ನಾನ."

"ನೀ?" ಖಾಲಾ ಕಡೆ ನೋಡಿದ. ಅವರು ಹೌದೆಂದು ತಲೆಯಾಡಿಸಿದರು. ಅಣ್ಣ ಸ್ವಲ್ಪ ಹೊತ್ತು ಚಾವಣಿ ನೋಡಿದ. ಆಮೇಲೆ ಕಟ್ಟಿಟ್ಟ ಚೀಲಗಳ ಗಂಟನ್ನು ತಾನೇ ಬಿಚ್ಚತೊಡಗಿದ.

ಬಂದ ಟೆಂಪೊ ಖಾಲಿ ಹೋಗಬಾರದೆಂದು ಸಾವ್ಕಾರ್ರು ಒಡೆದ ಟಾಕಿಯನ್ನು ಅದರಲ್ಲಿ ಏರಿಸಿದರು. ಗಿಲಾವು ಆರುವತನಕ ಒಲೆ ಹಚ್ಚಬೇಡಿ ಎಂದ ಗೌಂಡಿ. ಖಾಲಾ ಮನೆಯಲ್ಲೇ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿದೆ.

"ಹಂಗಾರ ಇಂಡಿಗೆ ಯಾವಾಗ?" ಅಣ್ಣ ಕೈ ತೊಳೆಯುತ್ತ ಕೇಳಿದ.

"ಹಬ್ಬಕ್ಕ. ಎರಡ ದಿನ ಇದ್ದು ಬರ್ತೇನಿ" ಅಂದೆ.